ಹಳೆಯ ಮೋಟಾರಿನ ಸಣ್ಣ ಭಾಗಗಳು: ಮೂಲವನ್ನು ಗುರುತಿಸುವ ಮತ್ತು ಬದಲಿಸುವ ಕ್ರಮ

ಹಳೆಯ ವಸ್ತುವೊಂದರ ನಿಜಸ್ಥಿತಿಯನ್ನು ನಿರ್ಣಯಿಸಬೇಕಾದಾಗ ನೋಡುವವರ ಕಣ್ಣು ಮೊದಲು ಅದರ ದೊಡ್ಡ ಅಂಗಗಳ ಕಡೆಗೆ ಹೋಗುವುದು ಸಹಜ. ಆದರೆ ಸಾಕ್ಷ್ಯ ದೊರೆಯುವುದು ಬಹುಮಟ್ಟಿಗೆ ಸಣ್ಣ ಅಂಗಗಳಲ್ಲಿ. ಹಸ್ತಪ್ರತಿಗಳನ್ನು ಪರಿಶೋಧಿಸುವ ವಿದ್ವಾಂಸರು ಕಾವ್ಯದ ಕಥೆಯನ್ನು ನೋಡಿ ಪ್ರತಿಯ ಕಾಲವನ್ನು ಹೇಳುವುದಿಲ್ಲ. ಅಕ್ಷರದ ತಿರುವು, ಶಕಟರೇಫದ ಬಳಕೆ, ಲಿಪಿಕಾರನ ಕೈತಪ್ಪು ಇವುಗಳನ್ನು ನೋಡಿ ಹೇಳುತ್ತಾರೆ. ಅರ್ಧ ಶತಮಾನಕ್ಕೂ ಹಿಂದಿನ ಮೋಟಾರು ವಾಹನಗಳ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಮೈಗೆ ಬಳಿದ ಬಣ್ಣ, ಆಸನದ ಚರ್ಮ, ಹೊಳೆಯುವ ದೀಪ ಇವು ಯಾವ ಕಾಲದಲ್ಲಿ ಬೇಕಾದರೂ ಹೊಸದಾಗಿರಬಹುದು. ಎಂಜಿನ್ನಿನ ಅಡಿಯಲ್ಲಿ ಎಣ್ಣೆಯ ಜಿಡ್ಡು ಹಿಡಿದು ಕುಳಿತಿರುವ ಬೋಲ್ಟಾದರೋ ತನ್ನ ಹುಟ್ಟಿನ ಕಥೆಯನ್ನು ತನ್ನ ಅಳತೆಯಲ್ಲಿಯೇ ಹೊತ್ತುಕೊಂಡಿರುತ್ತದೆ.

ಈ ಅಳತೆಯನ್ನು ಅರಿಯದೆ ಮಾಡಿದ ರಿಪೇರಿಯಿಂದ ಎರಡು ಬಗೆಯ ಹಾನಿಯುಂಟು. ಒಂದು, ವಾಹನದ ಇತಿಹಾಸ ಅಳಿಯುತ್ತದೆ. ಇನ್ನೊಂದು, ಅಗ್ಗದ ಬೋಲ್ಟೊಂದು ಮತ್ತೆ ದೊರೆಯದ ಎರಕವನ್ನು ಕೆಡಿಸುತ್ತದೆ. ಕೆಲವೆಡೆ ಓಡಿಸುವವನ ಪ್ರಾಣಕ್ಕೇ ಎರವಾಗುತ್ತದೆ. ಎಂ.ಜಿ. ಟಿ.ಸಿ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ವಿವರವಾಗಿ ಪರಿಶೀಲಿಸಬಹುದು.

ಟಿ.ಸಿ. ಕಾರಿನ ಹಿನ್ನೆಲೆ

ಆಕ್ಸ್‌ಫರ್ಡಿನ ಮೋರಿಸ್ ಗ್ಯಾರೇಜಸ್ ಎಂಬ ವ್ಯಾಪಾರಸಂಸ್ಥೆಯಿಂದ ಹುಟ್ಟಿ, ಅದರ ಮೊದಲಕ್ಷರಗಳನ್ನೇ ಹೆಸರಾಗಿ ಪಡೆದ ಎಂ.ಜಿ. ಕಂಪನಿ ೧೯೨೯ರಿಂದ ಆಬಿಂಗ್ಡನ್ ಎಂಬ ಊರಿನಲ್ಲಿ ತನ್ನ ಕಾರ್ಖಾನೆಯನ್ನು ನಡೆಸುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದ ೧೯೪೫ರಲ್ಲಿಯೇ ಆ ಕಾರ್ಖಾನೆ ಟಿ.ಸಿ.ಯನ್ನು ಹೊರತಂದಿತು. ಅದು ಯುದ್ಧಪೂರ್ವದ ಟಿ.ಬಿ. ಮಾದರಿಯ ತಿದ್ದಿದ ರೂಪ. ಆಶ್ ಮರದ ಚೌಕಟ್ಟಿಗೆ ಉಕ್ಕಿನ ತಗಡು ಹೊದಿಸಿದ ಮೈ, ೧೯ ಅಂಗುಲದ ತಂತಿಚಕ್ರಗಳು, ಎರಡು ಎಸ್.ಯು. ಕಾರ್ಬುರೇಟರುಗಳು, ೧೨೫೦ ಘನ ಸೆಂಟಿಮೀಟರಿನ, ಸುಮಾರು ೫೪ ಅಶ್ವಶಕ್ತಿಯ ನಾಲ್ಕು ಸಿಲಿಂಡರಿನ ಎಂಜಿನ್ನು ಇವು ಅದರ ಮುಖ್ಯ ಲಕ್ಷಣಗಳು. ಈ ಎಂಜಿನ್ನಿಗೆ ಎಕ್ಸ್.ಪಿ.ಎ.ಜಿ. ಎಂಬ ಸಂಕೇತನಾಮವಿದೆ.

ಕಾರುಗಳಿಗೆ ಕ್ರಮಸಂಖ್ಯೆ ಕೊಡುವಾಗ ಕಂಪನಿ ಒಂದರಿಂದ ಎಣಿಸಲಿಲ್ಲ. ಕಾರ್ಖಾನೆಯ ಟೆಲಿಫೋನ್ ಸಂಖ್ಯೆ ಆಬಿಂಗ್ಡನ್ ೨೫೧ ಆಗಿತ್ತು. ಆದುದರಿಂದ ಮೊದಲನೆಯ ಟಿ.ಸಿ.ಯ ಸಂಖ್ಯೆ ೦೨೫೧. ೧೯೪೯ರಲ್ಲಿ ತಯಾರಿಕೆ ನಿಂತಾಗ ಕೊನೆಯದರ ಸಂಖ್ಯೆ ೧೦೨೫೧. ಒಟ್ಟು ೧೦,೦೦೧ ಕಾರುಗಳು. ಇದಕ್ಕಿಂತ ಕಿರಿದಾದ ಅಥವಾ ಹಿರಿದಾದ ಸಂಖ್ಯೆಯನ್ನು ಹೊತ್ತ ಟಿ.ಸಿ. ಎದುರಾದರೆ ಆ ಸಂಖ್ಯೆಯನ್ನು ನಂಬಬೇಕಾಗಿಲ್ಲ. ಆರಂಭಸಂಖ್ಯೆಯಂಥ ಅಲ್ಪ ಸಂಗತಿಯೂ ನಿರ್ಣಯಕ್ಕೆ ಎಷ್ಟು ನೆರವಾಗುತ್ತದೆಂಬುದಕ್ಕೆ ಇದೊಂದು ನಿದರ್ಶನ.

‘ಮೂಲ’ ಎಂಬ ಮಾತಿನ ಅರ್ಥ

ಹಳೆಯ ವಾಹನಗಳ ವ್ಯವಹಾರದಲ್ಲಿ ‘ಮೂಲಭಾಗ’ ಎಂಬ ಮಾತು ಮೂರು ಬೇರೆಬೇರೆ ಅರ್ಥಗಳಲ್ಲಿ ಬಳಕೆಯಾಗುತ್ತದೆ. ಜಗಳಗಳಿಗೆಲ್ಲ ಈ ಗೊಂದಲವೇ ಕಾರಣ. ಒಂದನೆಯದು, ಆ ಕಾರಿನೊಡನೆಯೇ ಕಾರ್ಖಾನೆಯನ್ನು ಬಿಟ್ಟು ಬಂದ ಭಾಗ. ಎರಡನೆಯದು, ಅದೇ ಕಾಲದಲ್ಲಿ ಅದೇ ತಯಾರಕನು ಮಾಡಿದ, ಆದರೆ ಬೇರೆ ಕಾರಿನಿಂದ ಅಥವಾ ದಾಸ್ತಾನಿನಿಂದ ತಂದ ಭಾಗ. ಮೂರನೆಯದು, ಹಳೆಯ ಅಳತೆ ಮತ್ತು ಹಳೆಯ ಲೋಹಗುಣವನ್ನು ಅನುಸರಿಸಿ ಈಗ ಹೊಸದಾಗಿ ಮಾಡಿದ ಭಾಗ. ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಪ್ರತಿಯ ಸ್ವಂತ ಪಾಠ. ಎರಡನೆಯದು ಇನ್ನೊಂದು ಸಮಕಾಲೀನ ಪ್ರತಿಯಿಂದ ತುಂಬಿದ ಪಾಠ. ಮೂರನೆಯದು ಸಂಪಾದಕನು ಊಹಿಸಿ ಸೇರಿಸಿದ ಪಾಠ. ಮೂರಕ್ಕೂ ಸ್ಥಾನವುಂಟು. ಆದರೆ ಸಂಪಾದಕನು ತಾನು ತುಂಬಿದ ಪಾಠವನ್ನು ಕಂಸದೊಳಗಿಟ್ಟು ತೋರಿಸುವಂತೆ ಇಲ್ಲಿಯೂ ಯಾವುದು ಯಾವುದೆಂಬುದು ತಿಳಿದಿರಬೇಕು.

‘ಯಾವ ಕಾರಿಗೆ ಮೂಲ?’ ಎಂಬ ಪ್ರಶ್ನೆಯನ್ನೂ ಮರೆಯಬಾರದು. ಬ್ರಿಟನ್ನಿನಲ್ಲಿ ಮಾರಿದ ಟಿ.ಸಿ.ಗಳಿಗೆ ಮುಂದೆ ಹಿಂದೆ ಬಂಪರುಗಳಿರಲಿಲ್ಲ. ಅಮೆರಿಕಕ್ಕೆಂದು ಸಿದ್ಧಪಡಿಸಿದ ಕಡೆಯ ಕಾಲದ ಕಾರುಗಳಿಗೆ ಕಾರ್ಖಾನೆಯೇ ಬಂಪರುಗಳನ್ನು ಜೋಡಿಸಿತ್ತು. ಬಂಪರನ್ನು ಕಂಡೊಡನೆ ಪ್ರಕ್ಷಿಪ್ತವೆಂದು ಕಿತ್ತುಹಾಕುವುದು, ಅದಿಲ್ಲದ ಕಾರಿಗೆ ಅಂದವೆಂದು ತಂದು ಸೇರಿಸುವುದು, ಎರಡೂ ತಪ್ಪಾದೀತು. ಮೊದಲು ಕ್ರಮಸಂಖ್ಯೆಯನ್ನು ನೋಡಿ, ಕಾರು ಯಾವ ಕಾಲದ್ದು, ಯಾವ ದೇಶಕ್ಕೆ ಹೋಗಿದ್ದುದು ಎಂಬುದನ್ನು ನಿಶ್ಚಯಿಸಿಕೊಂಡು ಅನಂತರ ಭಾಗಗಳ ವಿಚಾರಕ್ಕೆ ಬರಬೇಕು.

ಬೋಲ್ಟಿನ ಸಾಕ್ಷ್ಯ

ಟಿ.ಸಿ.ಯ ಸಣ್ಣ ಭಾಗಗಳಲ್ಲಿ ಅತ್ಯಂತ ಬೋಧಪ್ರದವಾದುದು ಅದರ ಎಂಜಿನ್ನಿನ ಬೋಲ್ಟು. ಬೋಲ್ಟಿನ ಮೈಮೇಲೆ ಸುರುಳಿಯಾಗಿ ಕೊರೆದ ಗೆರೆಗೆ ಮೆಕ್ಯಾನಿಕರು ಥ್ರೆಡ್ ಎನ್ನುತ್ತಾರೆ. ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರವೇ ಪಿಚ್. ವ್ಯಾಸ, ಪಿಚ್, ಥ್ರೆಡ್ಡಿನ ಕೋನ ಈ ಮೂರೂ ಹೊಂದಿದರೆ ಮಾತ್ರ ಬೋಲ್ಟು ತನ್ನ ರಂಧ್ರದಲ್ಲಿ ನ್ಯಾಯವಾಗಿ ಕೂರುತ್ತದೆ.

ಬ್ರಿಟನ್ನಿನಲ್ಲಿ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ೫೫ ಅಂಶದ ಕೋನವುಳ್ಳ ಥ್ರೆಡ್ಡನ್ನು ಸೂಚಿಸಿ ದೇಶಕ್ಕೆಲ್ಲ ಒಂದು ಪದ್ಧತಿಯನ್ನು ಹಾಕಿಕೊಟ್ಟನು. ಇದೇ ಕೋನವನ್ನು ಇಟ್ಟುಕೊಂಡು, ಸುತ್ತುಗಳನ್ನು ಹೆಚ್ಚು ಒತ್ತಾಗಿಸಿದ ಬಿ.ಎಸ್.ಎಫ್. ಎಂಬ ಪದ್ಧತಿ ೧೯೦೮ರಲ್ಲಿ ಬಂತು. ಟಿ.ಸಿ.ಯ ಚೌಕಟ್ಟಿನ ಬೋಲ್ಟುಗಳು ಈ ಬಿ.ಎಸ್.ಎಫ್. ವರ್ಗಕ್ಕೆ ಸೇರಿದವು. ಇಂಗ್ಲೆಂಡಿನಲ್ಲಿ ಹುಟ್ಟಿದ ಕಾರಿಗೆ ಇದು ತಕ್ಕುದೇ. ಆದರೆ ಅದೇ ಕಾರಿನ ಎಂಜಿನ್ನನ್ನು ಬಿಚ್ಚಿದರೆ ಒಳಗಿನ ಬೋಲ್ಟುಗಳ ಥ್ರೆಡ್ಡು ಮೆಟ್ರಿಕ್. ಅದೇ ಬೋಲ್ಟುಗಳ ತಲೆ ಮಾತ್ರ ವಿಟ್‌ವರ್ತ್ ಅಳತೆಯದು. ಇಂಗ್ಲಿಷ್ ತಲೆ, ಫ್ರೆಂಚ್ ಮೈ.

ಈ ವಿಚಿತ್ರಸಂಯೋಗದ ಕಾರಣವನ್ನು ಹುಡುಕಿಕೊಂಡು ಹೋದರೆ ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹೋಗಬೇಕಾಗುತ್ತದೆ. ಪ್ಯಾರಿಸ್ ಸಮೀಪದ ಸೇಂಟ್ ದನಿಯಲ್ಲಿ ಶಸ್ತ್ರಾಸ್ತ್ರಗಳನ್ನು ತಯಾರಿಸುತ್ತಿದ್ದ ಹಾಚ್ಕಿಸ್ ಕಂಪನಿ, ಆ ಯುದ್ಧದ ನಡುವೆ ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಮೆಷಿನ್‌ಗನ್ನುಗಳ ಕಾರ್ಖಾನೆಯೊಂದನ್ನು ಸ್ಥಾಪಿಸಿತು. ಅಲ್ಲಿಯ ಯಂತ್ರಗಳು ಮಿಲಿಮೀಟರಿನ ಲೆಕ್ಕದವು. ಯುದ್ಧ ಮುಗಿದ ಮೇಲೆ ಬಂದೂಕಿಗೆ ಗಿರಾಕಿಗಳಿಲ್ಲದೆ ಆ ಕಾರ್ಖಾನೆ ಮೋರಿಸ್ ಕಾರುಗಳಿಗೆ ಎಂಜಿನ್ನು ಮಾಡಿಕೊಡತೊಡಗಿತು. ೧೯೨೩ರಲ್ಲಿ ವಿಲಿಯಂ ಮೋರಿಸ್ ಅದನ್ನು ಕೊಂಡುಕೊಂಡನು. ಯಂತ್ರಗಳನ್ನೆಲ್ಲ ಬದಲಿಸುವುದು ಬಹು ವೆಚ್ಚದ ಮಾತು; ಆದುದರಿಂದ ಮೆಟ್ರಿಕ್ ಥ್ರೆಡ್ಡು ಹಾಗೆಯೇ ಉಳಿಯಿತು. ಇಂಗ್ಲಿಷ್ ಮೆಕ್ಯಾನಿಕರ ಕೈಯಲ್ಲಿದ್ದ ಸ್ಪ್ಯಾನರುಗಳು ಹಿಡಿಯಬೇಕಾದುದರಿಂದ ತಲೆಗೆ ಮಾತ್ರ ವಿಟ್‌ವರ್ತ್ ಅಳತೆಯನ್ನು ಕೊಟ್ಟರು. ಎರಡು ದಶಕಗಳ ಬಳಿಕ ಹುಟ್ಟಿದ ಟಿ.ಸಿ.ಯ ಎಂಜಿನ್ನು ಈ ಪರಂಪರೆಯದು. ಸೈನ್ಯದ ಬಂದೂಕಿನ ಕಾರ್ಖಾನೆಯ ನೆನಪು ಹೀಗೆ ಸ್ಪೋರ್ಟ್ಸ್ ಕಾರಿನ ಬೋಲ್ಟಿನಲ್ಲಿ ಉಳಿದುಬಂದಿದೆ.

ಈ ಇತಿಹಾಸ ಕೇವಲ ಕುತೂಹಲದ ವಿಷಯವಲ್ಲವೆಂಬುದು ಅಂಕಿಗಳಿಂದ ಸ್ಪಷ್ಟವಾಗುತ್ತದೆ. ಎಂಜಿನ್ನಿನಲ್ಲಿ ಹೆಚ್ಚಾಗಿ ಬಳಕೆಯಾದ ಬೋಲ್ಟಿನ ವ್ಯಾಸ ೮ ಮಿಲಿಮೀಟರ್, ಪಿಚ್ ೧ ಮಿಲಿಮೀಟರ್. ಚೌಕಟ್ಟಿನ ೫/೧೬ ಅಂಗುಲದ ಬಿ.ಎಸ್.ಎಫ್. ಬೋಲ್ಟಿನ ವ್ಯಾಸ ೭.೯೪ ಮಿಲಿಮೀಟರ್, ಅಂಗುಲಕ್ಕೆ ೨೨ ಸುತ್ತು, ಅಂದರೆ ಪಿಚ್ ಸುಮಾರು ೧.೧೫ ಮಿಲಿಮೀಟರ್. ಎರಡರ ತಲೆಯೂ ೦.೫೨೫ ಅಂಗುಲ, ಒಂದೇ ಸ್ಪ್ಯಾನರು ಎರಡನ್ನೂ ಹಿಡಿಯುತ್ತದೆ. ಮೇಜಿನ ಮೇಲೆ ಜೊತೆಯಾಗಿಟ್ಟರೆ ಕಣ್ಣಿಗೆ ಭೇದ ಕಾಣುವುದಿಲ್ಲ. ಬಿ.ಎಸ್.ಎಫ್. ಬೋಲ್ಟನ್ನು ಎಂಜಿನ್ನಿನ ರಂಧ್ರಕ್ಕೆ ಹಾಕಿದರೆ ಮೊದಲ ಕೆಲವು ಸುತ್ತು ಬೆರಳಿನಿಂದಲೇ ಹೋಗಿ ಅನಂತರ ಬಿಗಿಯುತ್ತದೆ. ತುಕ್ಕಿನಿಂದ ಬಿಗಿಯಾಗಿರಬಹುದೆಂದು ಭಾವಿಸಿ ಸ್ಪ್ಯಾನರಿನಿಂದ ಒತ್ತಿ ತಿರುಗಿಸಿದರೆ, ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ಮಿನ ರಂಧ್ರದ ಥ್ರೆಡ್ಡುಗಳನ್ನು ಉಜ್ಜಿ ತೆಗೆದುಬಿಡುತ್ತದೆ. ಟಿ.ಸಿ.ಯ ಎಣ್ಣೆಪಾತ್ರೆ, ಅಂದರೆ ಎಂಜಿನ್ನಿನ ಸಂಪ್, ಅಲ್ಯೂಮಿನಿಯಮ್ಮಿನ ಎರಕ. ಬೋಲ್ಟಿನ ಬೆಲೆ ಅತ್ಯಲ್ಪ. ಆದರೆ ಎರಕ ಕೆಟ್ಟರೆ ಅಂಥದು ಇನ್ನೊಂದು ಸಿಕ್ಕುವುದು ಸುಲಭವಲ್ಲ.

ಇದಕ್ಕಿಂತಲೂ ಮೋಸಗೊಳಿಸುವ ಬೋಲ್ಟು ಇನ್ನೊಂದುಂಟು. ಬ್ರಿಟನ್, ಅಮೆರಿಕ, ಕೆನಡಾ ದೇಶಗಳು ೧೯೪೮ರಲ್ಲಿ ಒಪ್ಪಿಕೊಂಡ ಏಕೀಕೃತ ಪದ್ಧತಿಯ ೫/೧೬ ಅಂಗುಲದ ಸಣ್ಣ ಥ್ರೆಡ್ಡಿನ ಬೋಲ್ಟಿಗೆ ಅಂಗುಲಕ್ಕೆ ೨೪ ಸುತ್ತು. ಅದರ ಪಿಚ್ ೧.೦೬ ಮಿಲಿಮೀಟರಿಗೆ ಸಮೀಪ. ಇದು ಎಂಜಿನ್ನಿನ ರಂಧ್ರದಲ್ಲಿ ಇನ್ನೂ ಆಳಕ್ಕೆ ಇಳಿದು, ಸರಿಯಾಗಿ ಕೂತಂತೆಯೇ ತೋರಿ, ಒಳಗೆ ಹಾನಿ ಮಾಡುತ್ತದೆ. ಇಂದಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ೮ ಮಿಲಿಮೀಟರಿನ ಬೋಲ್ಟಿಗೆ ೧.೨೫ ಮಿಲಿಮೀಟರಿನ ಪಿಚ್. ಅದು ಮೊದಲ ಸುತ್ತುಗಳಲ್ಲಿಯೇ ತಡೆಯುವುದರಿಂದ ಅಪಾಯ ಕಡಮೆ. ಅದರ ಮೇಲೆ ಬಲಪ್ರಯೋಗ ಮಾಡದಿದ್ದರೆ ಸಾಕು.

ಸಣ್ಣ ತಿರುಪುಗಳಲ್ಲಿ ಮತ್ತೊಂದು ಗೋಜಿದೆ. ವಿದ್ಯುತ್ ಉಪಕರಣಗಳಲ್ಲಿ ಬಿ.ಎ. ಎಂಬ ಪದ್ಧತಿಯ ಸ್ಕ್ರೂಗಳಿವೆ. ಈ ಪದ್ಧತಿ ೧೮೮೪ರದು. ಹೆಸರು ಬ್ರಿಟಿಷ್ ಆದರೂ ಅಳತೆ ಮಿಲಿಮೀಟರಿನದು. ಅದರ ಸೊನ್ನೆಯ ಸಂಖ್ಯೆಯ ಸ್ಕ್ರೂವಿನ ವ್ಯಾಸ ೬ ಮಿಲಿಮೀಟರ್, ಪಿಚ್ ೧ ಮಿಲಿಮೀಟರ್. ಎಂಜಿನ್ನಿನ ೬ ಮಿಲಿಮೀಟರಿನ ಬೋಲ್ಟಿಗೂ ಇವೇ ಅಂಕಿಗಳು. ಆದರೆ ಬಿ.ಎ.ಯ ಕೋನ ೪೭½ ಅಂಶ, ಮೆಟ್ರಿಕ್ ಕೋನ ೬೦ ಅಂಶ. ಒಂದು ಇನ್ನೊಂದರ ಜಾಗದಲ್ಲಿ ಕೂತಂತೆ ಕಂಡರೂ ಮೈಗೆ ಮೈ ತಾಗುವುದಿಲ್ಲ, ಹಿಡಿತ ದುರ್ಬಲವಾಗುತ್ತದೆ. ಆದುದರಿಂದ ವ್ಯಾಸವನ್ನಷ್ಟೆ ಅಳೆದು ತೃಪ್ತಿಪಡುವುದು ಸಲ್ಲದು. ಹಲ್ಲುಹಲ್ಲಾದ ತಗಡುಗಳ ಥ್ರೆಡ್‌ಗೇಜನ್ನು ಬೋಲ್ಟಿಗೆ ಒತ್ತಿ ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಿಯೂ ಬೆಳಕು ಕಾಣದಿದ್ದರೆ ಜಾತಿ ನಿರ್ಣಯವಾಯಿತು.

ಅಂಕಿ, ಅಕ್ಷರ, ಚಲನೆ

ಬೋಲ್ಟಿನಂತೆ ಅಳೆದು ನೋಡಬೇಕಾದ ಭಾಗಗಳಿರುವಂತೆ ಓದಬಹುದಾದ ಭಾಗಗಳೂ ಇವೆ. ಲೂಕಾಸ್ ಕಂಪನಿ ತಾನು ತಯಾರಿಸಿದ ಡೈನಮೋ, ಡಿಸ್ಟ್ರಿಬ್ಯೂಟರ್ ಮೊದಲಾದವುಗಳ ಮೇಲೆ ತಿಂಗಳು ವರ್ಷಗಳನ್ನು ಅಂಕಿಗಳಲ್ಲಿ ಒತ್ತುತ್ತಿತ್ತು. ೧೧ ಮತ್ತು ೪೭ ಎಂಬ ಅಂಕಿಗಳಿದ್ದರೆ ಅದು ೧೯೪೭ರ ನವೆಂಬರಿನಲ್ಲಿ ಸಿದ್ಧವಾದುದೆಂದು ಅರ್ಥ. ಇಲ್ಲಿ ತರ್ಕ ಸರಳ: ಕಾರು ಹುಟ್ಟಿದುದಕ್ಕಿಂತ ತಡವಾದ ತಾರೀಖಿನ ಭಾಗ ಆ ಕಾರಿನ ಜೊತೆಯಲ್ಲಿ ಹುಟ್ಟಿರಲಾರದು. ಆದರೆ ಮುಂಚಿನ ತಾರೀಖಿದೆಯೆಂದ ಮಾತ್ರಕ್ಕೆ ಅದು ಮೂಲದ್ದೇ ಎಂದು ಸಿದ್ಧವಾಗುವುದಿಲ್ಲ. ಬೇರೆ ಕಾರಿನಿಂದ ಬಂದಿರಲೂಬಹುದು. ಶಾಸನದಲ್ಲಿ ಹೆಸರಿಸಿದ ಅರಸನ ಕಾಲಕ್ಕಿಂತ ಹಿಂದಿನ ಲಿಪಿಯಿದ್ದರೂ ಮುಂದಿನ ಲಿಪಿಯಿದ್ದರೂ ಸಂಶಯಪಡುವ ಕಣ್ಣು ಇಲ್ಲಿಯೂ ಬೇಕು.

ಒಂದೇ ತಯಾರಕನ ಮುದ್ರೆಯಿದ್ದರೂ ಭಾಗ ಬೇರೆಯಾಗಿರಬಹುದೆಂಬುದಕ್ಕೆ ಡೈನಮೋ ಒಳ್ಳೆಯ ಉದಾಹರಣೆ. ಟಿ.ಸಿ.ಯಲ್ಲಿ ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮೀಟರಿಗೆ ಚಲನೆ ದೊರೆಯುವುದು ಡೈನಮೋದ ಹಿಂತುದಿಗೆ ಜೋಡಿಸಿದ ಪುಟ್ಟ ಗೇರುಪೆಟ್ಟಿಗೆಯಿಂದ. ಬೇರೆ ಕಾರಿನ ಲೂಕಾಸ್ ಡೈನಮೋವನ್ನು ತಂದು ಕೂರಿಸಿದರೆ ಬ್ಯಾಟರಿ ತುಂಬುತ್ತದೆ. ಮೀಟರಿನ ಮುಳ್ಳು ಮಾತ್ರ ಅಲುಗುವುದಿಲ್ಲ.

ಆ ಮುಳ್ಳಿನ ನಡೆಯೂ ಒಂದು ಗುರುತು. ಟಿ.ಸಿ.ಯ ಯೇಗರ್ ಮೀಟರುಗಳು ಗಡಿಯಾರದಂಥ ಯಂತ್ರರಚನೆಯುಳ್ಳವು. ಅವು ಗೊತ್ತಾದ ಅವಧಿಯಲ್ಲಿ ಎಷ್ಟು ಸುತ್ತಾಯಿತೆಂದು ಎಣಿಸಿ ತೋರಿಸುತ್ತವೆ. ಆದುದರಿಂದ ಮುಳ್ಳು ಹಂತಹಂತವಾಗಿ ಜಿಗಿಯುತ್ತ ಏರುತ್ತದೆ. ಆಯಸ್ಕಾಂತದಿಂದ ನಡೆಯುವ ಮುಂದಿನ ಕಾಲದ ಮೀಟರಿನಲ್ಲಿ ಮುಳ್ಳು ನಯವಾಗಿ ಸರಿಯುತ್ತದೆ. ಮುಖಫಲಕವನ್ನು ಎಷ್ಟು ಚೆನ್ನಾಗಿ ನಕಲು ಮಾಡಿದ್ದರೂ ಕಾರು ಹೊರಟ ಮರುಕ್ಷಣ ಒಳಗಿನ ಯಂತ್ರ ಹಳೆಯದೋ ಹೊಸದೋ ತಿಳಿದುಹೋಗುತ್ತದೆ.

ಕಾರ್ಬುರೇಟರಿನ ಸೂಜಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಸೂಕ್ಷ್ಮವಾದುದು. ಪೆಟ್ರೋಲು ಹೊರಡುವ ೦.೦೯೦ ಅಂಗುಲದ ರಂಧ್ರದಲ್ಲಿ ಈ ಮೊನಚು ಸೂಜಿ ಮೇಲೆ ಕೆಳಗೆ ಆಡುತ್ತದೆ. ಎಷ್ಟು ಪೆಟ್ರೋಲು ಹೋಗಬೇಕೆಂಬುದನ್ನು ನಿರ್ಧರಿಸುವುದು ಅದರ ಇಳಿಜಾರು. ಎಸ್.ಯು. ಕಂಪನಿ ಒಂದೊಂದು ಬಗೆಯ ಸೂಜಿಗೂ ಅಕ್ಷರಸಂಕೇತವನ್ನು ಕೊಟ್ಟು ಅದರ ಬುಡದಲ್ಲಿ ಕೆತ್ತಿದೆ, ಟಿ.ಸಿ.ಗೆ ವಿಹಿತವಾದುದು ಇ.ಎಸ್. ಎಂಬುದು. ಸೂಜಿಯ ಉದ್ದಕ್ಕೂ ೧/೮ ಅಂಗುಲಕ್ಕೊಂದರಂತೆ ವ್ಯಾಸವನ್ನು ಕೊಡುವ ಪಟ್ಟಿಗಳಿವೆ. ಎರಡು ಬಗೆಗಳ ನಡುವಣ ಅಂತರ ಅಂಗುಲದ ಸಾವಿರದ ಕೆಲವೇ ಭಾಗ. ಅಕ್ಷರ ಸವೆದುಹೋಗಿದ್ದರೆ ಮೈಕ್ರೋಮೀಟರಿನಿಂದ ಅಳೆದು ಪಟ್ಟಿಯೊಡನೆ ಹೋಲಿಸುವುದಲ್ಲದೆ ಬೇರೆ ದಾರಿಯಿಲ್ಲ.

ಬದಲಿಸುವ ಕ್ರಮ

ಗುರುತಿಸಿದ ಮೇಲೆ ಬದಲಿಸಬೇಕೆ ಬೇಡವೆ ಎಂಬುದು ಮುಂದಿನ ಪ್ರಶ್ನೆ. ಕೆಟ್ಟಿರುವುದನ್ನು ಮೊದಲು ಸರಿಪಡಿಸಲು ಯತ್ನಿಸಬೇಕು. ಆಗದಿದ್ದರೆ ಸಮಕಾಲೀನ ಭಾಗವನ್ನು ಹುಡುಕಬೇಕು. ಅದೂ ಸಿಕ್ಕದಿದ್ದರೆ ಸರಿಯಾದ ಅಳತೆಯ ಹೊಸ ಭಾಗವನ್ನು ಮಾಡಿಸಬೇಕು. ಥ್ರೆಡ್ಡು ಸವೆದ ರಂಧ್ರವನ್ನು ದೊಡ್ಡದಾಗಿ ಕೊರೆದು ದೊಡ್ಡ ಬೋಲ್ಟು ಹಾಕುವುದು ಸುಲಭದ ರೂಢಿ. ಆದರೆ ಅದರಿಂದ ಮೂಲದ ಅಳತೆ ಶಾಶ್ವತವಾಗಿ ನಷ್ಟವಾಗುತ್ತದೆ. ರಂಧ್ರದೊಳಗೆ ಉಕ್ಕಿನ ಸುರುಳಿತಂತಿಯ ಒಳಪದರವನ್ನು ಕೂರಿಸಿದರೆ ೮ ಮಿಲಿಮೀಟರಿನ ಹಳೆಯ ಬೋಲ್ಟೇ ಮತ್ತೆ ಕೂರುತ್ತದೆ. ಮರದ ಚೌಕಟ್ಟಿನಲ್ಲಿಯೂ ಹಾಗೆಯೇ: ಸಡಿಲವಾದ ರಂಧ್ರಕ್ಕೆ ಅದೇ ಜಾತಿಯ ಮರದ ಗೂಟವನ್ನು ಅಂಟಿಸಿ, ಮೊದಲಿನ ಅಳತೆಯ ಒಂದೇ ಗೀರಿನ ತಲೆಯುಳ್ಳ ಸ್ಕ್ರೂವನ್ನು ಹಾಕುವುದು ಉತ್ತಮ.

ಹೊಳಪಿಗೆ ಮರುಳಾಗಿ ಎಲ್ಲ ಬೋಲ್ಟುಗಳನ್ನೂ ತುಕ್ಕುಹಿಡಿಯದ ಉಕ್ಕಿನವುಗಳಿಂದ ಬದಲಿಸುವವರುಂಟು. ಕಾಲಕ್ಕೆ ಒಪ್ಪದ ಆ ಹೊಳಪು ಅಷ್ಟೇನೂ ದೊಡ್ಡ ದೋಷವಲ್ಲ. ಆದರೆ ಆ ಉಕ್ಕಿನ ಸಾಮಾನ್ಯ ಬೋಲ್ಟುಗಳು ಅಧಿಕಬಲದ ಉಕ್ಕಿನಷ್ಟು ಎಳೆತವನ್ನು ತಾಳುವುದಿಲ್ಲ. ತಮ್ಮ ನಟ್ಟಿನೊಡನೆಯೇ ಕಚ್ಚಿಕೊಂಡು ಬಿಚ್ಚಲಾಗದಂತಾಗುವುದೂ ಉಂಟು. ಸ್ಟಿಯರಿಂಗ್, ಬ್ರೇಕು, ಅಚ್ಚು ಇವುಗಳಲ್ಲಿ ಬೋಲ್ಟಿನ ಬಲವೇ ಮುಖ್ಯ, ರೂಪ ಅನಂತರದ್ದು.

ಪ್ರಾಣಾಪಾಯವಿರುವ ಎಡೆಗಳಲ್ಲಿ ಮೂಲದ ಮೋಹವನ್ನು ಮಿತಿಯಲ್ಲಿಡಬೇಕು. ಟಿ.ಸಿ.ಯ ಬ್ರೇಕುಗಳು ದ್ರವದ ಒತ್ತಡದಿಂದ ನಡೆಯುತ್ತವೆ. ಹಳೆಯ ರಬ್ಬರ್ ಬಿಲ್ಲೆಗಳನ್ನೂ ಕೊಳವೆಗಳನ್ನೂ ಉಳಿಸಿಕೊಳ್ಳುವುದು ಅವಿವೇಕ. ಎರಕದ ಸಿಲಿಂಡರನ್ನು ಬಿಸಾಡದೆ, ಒಳಗೆ ಕೊರೆದು ಹಿತ್ತಾಳೆಯ ಅಥವಾ ತುಕ್ಕುಹಿಡಿಯದ ಉಕ್ಕಿನ ತೋಳನ್ನು ಕೂರಿಸಿ, ಹೊಸ ರಬ್ಬರನ್ನು ಹಾಕಿದರೆ ಹೊರಮೈ ಹಳೆಯದಾಗಿಯೇ ಉಳಿದು ಒಳಗೆ ಭದ್ರವಾಗುತ್ತದೆ. ವಿದ್ಯುತ್ ತಂತಿಗಳಿಗೂ ಇದೇ ನ್ಯಾಯ: ಹೊರಗೆ ಹಳೆಯ ಬಣ್ಣಗಳ ಹತ್ತಿಯ ಹೆಣಿಗೆ, ಒಳಗೆ ಇಂದಿನ ಪ್ಲಾಸ್ಟಿಕ್ ಹೊದಿಕೆ. ಭಾರತದಲ್ಲಿ ಪೆಟ್ರೋಲಿನೊಡನೆ ಎಥನಾಲ್ ಬೆರೆಸುವ ಪ್ರಮಾಣ ೨೦೨೫ರಲ್ಲಿ ನೂರಕ್ಕೆ ೨೦ರಷ್ಟನ್ನು ಮುಟ್ಟಿತು. ಹಳೆಯ ಕಾಲದ ರಬ್ಬರು ಎಥನಾಲನ್ನು ತಾಳಲಾರದೆ ಮೆತ್ತಗಾಗುತ್ತದೆ, ಇಲ್ಲವೆ ಬಿರಿಯುತ್ತದೆ. ಸೋರಿದ ಪೆಟ್ರೋಲು ಬಿಸಿ ಕೊಳವೆಯ ಮೇಲೆ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಇಲ್ಲಿ ಹೊಸ ದ್ರವ್ಯವನ್ನು ಬಳಸುವುದೇ ಕಾರನ್ನು ಉಳಿಸುವ ದಾರಿ.

ಅಳತೆಯಲ್ಲಿ ಒಂದೇ ಆಗಿದ್ದರೂ ಜಾಗ ಬದಲಾದರೆ ಅನಾಹುತ ತರುವ ಭಾಗವೊಂದಿದೆ. ತಂತಿಚಕ್ರಗಳನ್ನು ನಡುವೆ ಹಿಡಿದಿಡುವುದು ಎರಡು ಕಿವಿಗಳುಳ್ಳ ದೊಡ್ಡದೊಂದು ನಟ್ಟು. ಕಾರಿನ ಎಡಬದಿಯ ನಟ್ಟುಗಳಿಗೆ ಸಾಮಾನ್ಯವಾದ ಬಲಸುತ್ತಿನ ಥ್ರೆಡ್ಡು, ಬಲಬದಿಯವಕ್ಕೆ ಎಡಸುತ್ತು. ಈ ಏರ್ಪಾಡಿನಿಂದ ಚಕ್ರ ತಿರುಗಿದಂತೆಲ್ಲ ನಟ್ಟು ತಾನಾಗಿ ಬಿಗಿಯುತ್ತದೆ. ಅಚ್ಚಿನ ರಿಪೇರಿಯ ಕಾಲದಲ್ಲಿ ಎಡಬಲದ ಗುಂಬಗಳನ್ನು ಅದಲುಬದಲು ಮಾಡಿ ಜೋಡಿಸಿದರೆ ನಟ್ಟುಗಳು ಅವುಗಳ ಮೇಲೆ ಸರಿಯಾಗಿಯೇ ಕೂರುತ್ತವೆ. ಆದರೆ ಓಡುತ್ತ ಓಡುತ್ತ ಸಡಿಲವಾಗಿ ಚಕ್ರವೇ ಕಳಚಿಬೀಳಬಹುದು. ಬಿಚ್ಚುವ ಮೊದಲೇ ಗುರುತು ಹಾಕಿಕೊಳ್ಳುವುದು ಇದಕ್ಕೆ ಪರಿಹಾರ.

ಕಾಯಿದೆ ಮತ್ತು ದಾಖಲೆ

ಹೀಗೆ ಒಂದೊಂದೇ ಭಾಗ ಬದಲಾಗುತ್ತ ಹೋದರೆ ಕೊನೆಗೆ ಉಳಿಯುವುದು ಅದೇ ಕಾರೇ ಎಂಬ ಪ್ರಶ್ನೆ ಏಳುತ್ತದೆ. ಇದು ನ್ಯಾಯಾಲಯದವರೆಗೂ ಹೋದ ಪ್ರಶ್ನೆ. ಲಮಾನ್ಸ್ ಪಂದ್ಯವನ್ನು ೧೯೨೯ರಲ್ಲಿಯೂ ೧೯೩೦ರಲ್ಲಿಯೂ ಗೆದ್ದ ‘ಓಲ್ಡ್ ನಂಬರ್ ವನ್’ ಎಂಬ ಬೆಂಟ್ಲಿ ಕಾರಿನ ಮಾರಾಟದಲ್ಲಿ ವಿವಾದವೆದ್ದು, ೧೯೯೦ರಲ್ಲಿ ಲಂಡನ್ನಿನ ಹೈಕೋರ್ಟು ತೀರ್ಪುಕೊಟ್ಟಿತು. ಪಂದ್ಯದ ಕಾಲದ ಭಾಗಗಳಲ್ಲಿ ಉಳಿದುದು ಅತ್ಯಲ್ಪವಾಗಿದ್ದರೂ, ಕಾರಿನ ಇತಿಹಾಸ ಎಲ್ಲಿಯೂ ಕಡಿಯದೆ ಮುಂದುವರಿದು ಬಂದುದರಿಂದ ಅದು ಆ ಹೆಸರಿಗೆ ಅರ್ಹವೆಂದು ನ್ಯಾಯಮೂರ್ತಿ ಓಟನ್ ನಿರ್ಣಯಿಸಿದರು. ಕಡಿಯದ ಇತಿಹಾಸವೆಂದರೆ ಕಡಿಯದ ದಾಖಲೆ. ದಾಖಲೆಯಿಲ್ಲದಿದ್ದರೆ ಆ ವಾದ ನಿಲ್ಲುತ್ತಿರಲಿಲ್ಲ.

ಸ್ಮಾರಕಗಳ ಜೀರ್ಣೋದ್ಧಾರಕ್ಕೆ ೧೯೬೪ರ ವೆನಿಸ್ ಸನ್ನದು ಹಾಕಿಕೊಟ್ಟ ತತ್ತ್ವವೂ ಇದೇ: ತುಂಬಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೂ ಮೂಲದಿಂದ ಬೇರೆಯೆಂದು ತಿಳಿಯುವಂತಿರಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ತತ್ತ್ವವನ್ನು ಮೋಟಾರುಗಳಿಗೆ ಅನ್ವಯಿಸಿ, ಬದಲಿಸಿದ ಭಾಗಗಳಿಗೆ ಕಣ್ಣಿಗೆ ಹೊಡೆಯದಂಥ ಗುರುತನ್ನು ಹಾಕಿ, ಮಾಡಿದ ಕೆಲಸವನ್ನು ಬರೆದಿಡಬೇಕೆಂದು ಹೇಳುತ್ತದೆ.

ಭಾರತ ಸರಕಾರ ೨೦೨೧ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ ೫೦ ವರ್ಷ ದಾಟಿದ ವಾಹನಕ್ಕೆ ‘ವಿ.ಎ.’ ಅಕ್ಷರಗಳ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ವಾಹನವು ಮೂಲರೂಪದಲ್ಲಿರಬೇಕು, ಅದರ ಚೌಕಟ್ಟು, ಮೈಕಟ್ಟು, ಎಂಜಿನ್ನು ಇವುಗಳಲ್ಲಿ ಮಾರ್ಪಾಡಾಗಿರಬಾರದು ಎಂಬುದು ಷರತ್ತು. ಇಂಥ ವಾಹನಗಳನ್ನು ಕಾಪಾಡಿಕೊಂಡು ಬಂದ ಮುಂಬಯಿ, ದೆಹಲಿ, ಚೆನ್ನೈ, ಬೆಂಗಳೂರುಗಳ ಸಂಗ್ರಾಹಕರಿಗೆ ಈ ನಿಯಮ ಅನುಕೂಲವಾದುದು. ಆದರೆ ಅದು ದೊಡ್ಡ ಅಂಗಗಳನ್ನು ಹೆಸರಿಸಿ ನಿಲ್ಲುತ್ತದೆ. ಬೋಲ್ಟಿನ ಪಿಚ್ಚನ್ನೂ ಸೂಜಿಯ ಅಕ್ಷರವನ್ನೂ ಕೇಳುವ ಅಧಿಕಾರಿ ಇಲ್ಲ, ಇರಲೂ ಬೇಕಾಗಿಲ್ಲ. ಆ ಹೊಣೆ ವಾಹನದ ಒಡೆಯನ ಮತ್ತು ಮೆಕ್ಯಾನಿಕನ ಮೇಲೆಯೇ ಇದೆ.

ಅದನ್ನು ನಿರ್ವಹಿಸಲು ಬೇಕಾದ ಸಾಮಗ್ರಿ ಹೆಚ್ಚೇನೂ ಇಲ್ಲ: ಒಂದು ಥ್ರೆಡ್‌ಗೇಜು, ಒಂದು ಮೈಕ್ರೋಮೀಟರು, ಕಾರ್ಖಾನೆಯ ಬಿಡಿಭಾಗಗಳ ಪಟ್ಟಿ, ಮತ್ತು ಒಂದು ಪುಸ್ತಕ. ಆ ಪುಸ್ತಕದಲ್ಲಿ ಬಿಚ್ಚಿದ ಪ್ರತಿಯೊಂದು ಭಾಗದ ಸ್ಥಾನ, ಅಳತೆ, ಅದರ ಮೇಲಿದ್ದ ಅಂಕಿ, ಬದಲಿಗೆ ಹಾಕಿದುದು ಏನು, ಎಲ್ಲಿಂದ ಬಂದುದು, ಯಾವ ದಿನ ಎಂಬುದನ್ನು ಬರೆಯಬೇಕು. ತೆಗೆದ ಹಳೆಯ ಭಾಗಗಳಿಗೆ ಚೀಟಿ ಕಟ್ಟಿ ಕಾರಿನೊಡನೆಯೇ ಇಡಬೇಕು. ಮುಂದೆ ಕಾರು ಕೈ ಬದಲಾಯಿಸಿದಾಗ ಆ ಪುಸ್ತಕವೂ ಆ ಚೀಟಿಗಳೂ ಅದರೊಡನೆ ಹೋಗಬೇಕು. ಹಾಗಾದರೆ ಮುಂದಿನ ತಲೆಮಾರಿನ ಮೆಕ್ಯಾನಿಕನು ಸಂಪಿನ ಬೋಲ್ಟನ್ನು ಕೈಗೆತ್ತಿಕೊಂಡಾಗ, ಅದನ್ನು ಯಾವ ರಂಧ್ರಕ್ಕೆ ಹಾಕಬೇಕೆಂಬುದನ್ನು ಊಹಿಸಬೇಕಾಗಿರುವುದಿಲ್ಲ.